‘ತಗಬೋದು’ ಅಂದಿದ್ದವರು

ಶುಕ್ರವಾರ ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಹೊತ್ತು ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣವಿದೆ. ಹತ್ತೂವರೆಗೆ ರಾಹುಕಾಲ ಹಿಡಿಯುತ್ತಿತ್ತು. ಅರಕಲಗೂಡಿನ ನಮ್ಮ ನಡುಮನೆಯಲ್ಲಿ ನಿಂತಿದ್ದ ನಾಲ್ಕು ಜನರೂ ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದೆವು: ನಾನು, ನನ್ನ ಗಂಡ, ನನ್ನ ಅತ್ತೆ, ಮತ್ತೆ ಹೊಳೆನರಸೀಪುರದಿಂದ ಬೆಳಗಿನ ಬಸ್ಸಿಗೆ ಬಂದಿದ್ದ ಮಷೀನು ರಿಪೇರಿಯವರು.

ಮೂಲೆಯಲ್ಲಿ ಹೊಸ ವಿಡಿಯೋ ಗೇಮ್ ಪೆಟ್ಟಿಗೆ ನಿಂತಿತ್ತು. ಬೀರುವಿನಷ್ಟು ಎತ್ತರ, ಎದೆಮಟ್ಟಕ್ಕೆ ಗುಂಡಿಗಳ ಹಲಗೆ, ಅದರ ಅಂಚಿಗೆ ಹೊಳೆಯುವ ಲೋಹದ ಪಟ್ಟಿ. ಹಿಂದಿನ ಸಂಜೆ ಹಾಸನದ ಅಂಗಡಿಯಿಂದ ಗೂಡ್ಸ್ ಆಟೋದಲ್ಲಿ ಬಂದಿಳಿದಿತ್ತು. ಅವರು ಕಿಸೆಯಿಂದ ಸ್ಕ್ರೂಡ್ರೈವರ್ ತೆಗೆದು, ಹಿಂದಿನ ಹಲಗೆ ಬಿಚ್ಚಿ ಒಂದು ಸಲ ನೋಡಬೇಕು ಅಂದರು. ಅತ್ತೆ ಅರಿಶಿನ ಕುಂಕುಮದ ತಟ್ಟೆ ಹಿಡಿದು ನಿಂತಿದ್ದರು. ಹತ್ತು ನಿಮಿಷ ಮಾತ್ರ ಇದೆ, ಮೊದಲು ಪೂಜೆ ಮಾಡಿ ಶುರು ಮಾಡೋಣ, ಆಮೇಲೆ ನಿಧಾನವಾಗಿ ಬಿಚ್ಚಿ ನೋಡಿಕೊಳ್ಳಿ ಅಂದರು. ರಿಪೇರಿಯವರು ನನ್ನ ಮುಖ ನೋಡಿದರು. ನಾನು ಏನೂ ಹೇಳಲಿಲ್ಲ.

“ಆಯ್ತು, ದೊಡ್ಡವ್ರು ಏಳ್ತಾವ್ರೆ” ಎಂದು ಸ್ಕ್ರೂಡ್ರೈವರನ್ನು ವಾಪಸ್ ಕಿಸೆಗೆ ಹಾಕಿಕೊಂಡರು.

ಕೆಟ್ಟದ್ದು ಶುರುವಾದದ್ದು ಆ ನಿಮಿಷದಲ್ಲಿ. ಇಷ್ಟು ವರ್ಷಗಳಾದ ಮೇಲೂ ನಾನು ಆ ಹತ್ತು ಇಪ್ಪತ್ತಕ್ಕೆ ಹಿಂದಿರುಗಿ, ಬಾಯಿ ತೆರೆದು, “ಬಿಚ್ಚಿ ನೋಡ್ಲಿ ಅತ್ತೆ” ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿರುತ್ತೇನೆ.

ಆ ರಿಪೇರಿಯವರು ತೀರಿಕೊಂಡ ಸುದ್ದಿ ಹೋದ ತಿಂಗಳು ಹೊಳೆನರಸೀಪುರದ ಬಸ್ ನಿಲ್ದಾಣದಲ್ಲಿ ತಿಳಿಯಿತು. ವಯಸ್ಸಾಗಿತ್ತು, ಮಲಗಿದಲ್ಲೇ ಹೋದರಂತೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಹೆಸರು ಹೇಳಿಕೊಂಡು ಯಾರೂ ಏನನ್ನೂ ಮಾರಬಾರದು ಎಂದು ಕೊನೆಯ ವರ್ಷಗಳಲ್ಲಿ ಅವರು ಹಟ ಹಿಡಿದಿದ್ದರು. ಮಾರುವುದಕ್ಕಲ್ಲದಿದ್ದರೂ, ಆ ಹೆಸರನ್ನು ನಾನು ಬಳಸುವುದು ಸರಿಯಲ್ಲ.

ಅವರನ್ನು ಮೊದಲು ನೋಡಿದ್ದು ತೊಂಬತ್ತರ ದಶಕದಲ್ಲಿ, ನಾನು ಹಾಸನದಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗ. ಬಸ್ ನಿಲ್ದಾಣದ ಹತ್ತಿರದ ಒಂದು ಓಣಿಯಲ್ಲಿ ವಿಡಿಯೋ ಗೇಮ್ ಅಂಗಡಿಯಿತ್ತು. ಬಾಗಿಲಿಗೆ ಕರೀ ಪರದೆ, ಒಳಗೆ ಸಾಲಾಗಿ ಐದಾರು ಪೆಟ್ಟಿಗೆ, ಕಾಯಿನ್ ಹಾಕಿ ಆಡುವಂಥವು. ಹುಡುಗಿಯರು ಒಳಗೆ ಹೋಗುತ್ತಿರಲಿಲ್ಲ. ಹೋಗಬಾರದು ಎಂದು ಬೋರ್ಡೇನೂ ಇರಲಿಲ್ಲ, ಆದರೂ ಹೋಗುತ್ತಿರಲಿಲ್ಲ. ನಾನು ಎದುರಿನ ಟೈಲರ್ ಅಂಗಡಿಯಲ್ಲಿ ಬೇಕೆಂದೇ ರವಿಕೆ ಅಳತೆಗೆ ಹೊತ್ತು ಮಾಡಿಕೊಂಡು, ಪರದೆ ಸರಿದಾಗಲೆಲ್ಲ ಒಳಗಿನ ಬಣ್ಣದ ಬೆಳಕನ್ನು ನೋಡುತ್ತಿದ್ದೆ. ಎಲ್ಲರೂ ಪೆಟ್ಟಿಗೆಯ ಮುಂದೆ ನಿಂತಿದ್ದರೆ ಒಬ್ಬರು ಮಾತ್ರ ಅದರ ಹಿಂದೆ ಕುಳಿತಿರುತ್ತಿದ್ದರು. ಖಾಕಿ ಅಂಗಿ, ಹಣೆಯಲ್ಲಿ ವಿಭೂತಿ, ಬಾಯಲ್ಲಿ ಒಂದು ಸ್ಕ್ರೂ. ಆ ಮಷೀನುಗಳನ್ನು ರಿಪೇರಿ ಮಾಡುತ್ತಿದ್ದವರು ಅವರು. ಒಂದು ದಿನ ಹೊರಗೆ ಬಂದು ನನ್ನನ್ನು ನೋಡಿ, “ಒಳೀಕ್ ಬಂದ್ ನೋಡವ್ವ, ಯಾರೂ ಕಚ್ಚಲ್ಲ” ಅಂದರು. ನಾನು ಓಡಿಹೋದೆ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ನಾಲ್ಕೂ ಊರುಗಳ ಇಂಥ ಅಂಗಡಿಗಳಿಗೆ ಅವರೊಬ್ಬರೇ. ಹಳೆ ಮಷೀನು ಕೊಳ್ಳುವವರು ಮೊದಲು ಅವರನ್ನು ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ಅವರು ನೋಡುವ ರೀತಿಯೇ ಬೇರೆ. ಮುಂದೆ ಏನು ಆಡುತ್ತಿದೆ ಎಂದು ತಿರುಗಿಯೂ ನೋಡದೆ ಸೀದಾ ಹಿಂದಕ್ಕೆ ಹೋಗುತ್ತಿದ್ದರು. “ಮೊಕಕ್ಕೆ ಎಲ್ರೂ ಪೌಡರ್ ಆಕ್ತಾರೆ. ಬೆನ್ನಿಗೆ ಯಾರೂ ಆಕಲ್ಲ” ಅನ್ನುತ್ತಿದ್ದರು. ಗಾಳಿಕಿಂಡಿಗೆ ಮೂಗಿಟ್ಟು ವಾಸನೆ ನೋಡುತ್ತಿದ್ದರು. ಕಬ್ಬಿಣವನ್ನು ಯಾವತ್ತೂ ಅಂಗೈಯಲ್ಲಿ ಮುಟ್ಟಿದವರಲ್ಲ. ಮೊದಲು ಅಂಗೈಯ ಹಿಂಬದಿ ತಾಗಿಸುತ್ತಿದ್ದರು. ಕರೆಂಟ್ ಇದ್ದರೆ ಅಂಗೈ ಮುಚ್ಚಿಕೊಂಡು ಹಿಡಿದುಬಿಡುತ್ತದೆ, ಹಿಂಬದಿಯಾದರೆ ಕೈ ತಾನೇ ಹಾರಿ ಬರುತ್ತದೆ ಎಂದು ವಿವರಿಸಿದ್ದರು. ಆಮೇಲೆ ಹ್ಯಾಂಡ್ಲನ್ನು ಕಣ್ಣು ಮುಚ್ಚಿ ನಾಲ್ಕು ದಿಕ್ಕಿಗೂ ಅಲ್ಲಾಡಿಸಿ ‘ಟಿಕ್’ ಎನ್ನುವುದನ್ನು ಕೇಳಿಸಿಕೊಳ್ಳುವುದು. ಆಮೇಲೆ ಗುಂಡಿಗಳು. ಅವನ್ನು ಕಿರುಬೆರಳಲ್ಲೇ ಒತ್ತುತ್ತಿದ್ದರು. ದೊಡ್ಡವರ ಬೆರಳಿಗೆ ಎಲ್ಲ ಗುಂಡಿಯೂ ಬಗ್ಗುತ್ತದೆ, ಮಗುವಿನ ಬೆರಳಿಗೆ ಬಗ್ಗಿದರೆ ಅದು ಗುಂಡಿ ಎನ್ನುವುದು ಅವರ ಲೆಕ್ಕ. ಕೊನೆಗೆ ಮಷೀನನ್ನು ಒಂದು ಗಂಟೆ ಓಡಲು ಬಿಟ್ಟು ಹೋಟೆಲಿಗೆ ಹೋಗಿ ಟೀ ಕುಡಿದು ಬರುತ್ತಿದ್ದರು. ಅಷ್ಟರಲ್ಲಿ ಚಿತ್ರ ಅಂಚಿನಿಂದ ಕುಗ್ಗಿದ್ದರೆ ಒಳಗಿನ ಪವರ್ ಸಪ್ಲೈ ಸೋತಿದೆ ಎಂದರ್ಥ.

ಇಷ್ಟಾದ ಮೇಲೆ ಅವರ ತೀರ್ಪು ಒಂದೇ ಮಾತು. ‘ತಗಬೋದು’ ಅಥವಾ ‘ತಗಬ್ಯಾಡಿ’. ಮೂರನೆಯದೂ ಒಂದಿತ್ತು. ಹೊಳೆನರಸೀಪುರದ ಹೋಟೆಲಿನವರೊಬ್ಬರು ಗಲ್ಲಾ ಪಕ್ಕದಲ್ಲಿಡಲು ಹಳೆ ಮಷೀನೊಂದನ್ನು ನೋಡಿಟ್ಟಿದ್ದರು. ಇವರು ಮೂಸಿ ನೋಡಿ, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ಒಂದು ಮಾತೂ ಆಡದೆ ಬಸ್ ಹತ್ತಿ ಹೋದರಂತೆ. ಹೋಟೆಲಿನವರು ಆ ಮಷೀನಿನ ಹತ್ತಿರ ಮತ್ತೆ ಸುಳಿಯಲಿಲ್ಲ.

ನಾನು ಮದುವೆಯಾಗಿ ಅರಕಲಗೂಡಿಗೆ ಬಂದು, ಅಲ್ಲೇ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸತೊಡಗಿದ್ದೆ. ಹೊಸ ಶತಮಾನ ಶುರುವಾಗಿ ಎರಡು ಮೂರು ವರ್ಷವಾಗಿತ್ತು. ಕಾಯಿನ್ ಅಂಗಡಿಗಳು ಒಂದೊಂದೇ ಮುಚ್ಚಿ ಸೈಬರ್ ಕೆಫೆಗಳಾಗುತ್ತಿದ್ದವು. ಆಗ ಹಾಸನದ ಒಂದು ಎಲೆಕ್ಟ್ರಾನಿಕ್ ಅಂಗಡಿಯವರು, ಮನೆಯಲ್ಲೇ ಇಟ್ಟುಕೊಂಡು ಆಡುವಂಥ ಎರಡು ಪೆಟ್ಟಿಗೆ ತರಿಸಿದರು. ಕಾಯಿನ್ ಬೇಡ, ನೂರೊಂದು ಆಟ ಎಂದು ಮೇಲೆ ಬರೆದಿತ್ತು. ಒಂದು ಶನಿವಾರ ಅದನ್ನು ಗಾಜಿನ ಹಿಂದೆ ಕಂಡೆ. ನನ್ನೊಳಗೆ ಟೈಲರ್ ಅಂಗಡಿಯ ಬೆಂಚಿನ ಮೇಲೆ ಕುಳಿತಿದ್ದ ಹುಡುಗಿ ಎದ್ದು ನಿಂತಳು ಅನ್ನಿ. ಗಂಡ ನಕ್ಕರು, ಆದರೆ ಬೇಡ ಅನ್ನಲಿಲ್ಲ. ಅತ್ತೆ ಮಾತ್ರ, “ಟೀಚರಮ್ಮ ಮನೇಲಿ ಕೂತ್ಕೊಂಡು ಡಿಶುಂ ಡಿಶುಂ ಆಡಿದ್ರೆ ಸ್ಕೂಲಲ್ಲಿ ಮಕ್ಕಳಿಗೆ ಏನು ಹೇಳ್ತಾಳೆ?” ಎಂದು ಕೇಳಿ, ಆಮೇಲೆ ತಾವೇ, “ನಂಗೂ ಒಂದು ಗುಂಡಿ ಬಿಡಿ, ನಾನೂ ಒತ್ತಬೇಕು” ಅಂದರು.

ಕೊಳ್ಳುವ ಮುಂಚೆ ಆ ರಿಪೇರಿಯವರನ್ನು ಹುಡುಕಿಕೊಂಡು ಹೋದೆ. ಗುರುತು ಸಿಗಲಿಲ್ಲ ಅವರಿಗೆ. ಟೈಲರ್ ಅಂಗಡಿ ಅಂದ ಮೇಲೆ, “ಓ, ಓಡೋದೋಳು” ಎಂದು ನಕ್ಕು, ಹಾಸನಕ್ಕೆ ಬಂದರು.

ಅಂಗಡಿಯಲ್ಲಿ ಎರಡೂ ಪೆಟ್ಟಿಗೆಗಳು ಅಕ್ಕಪಕ್ಕ ನಿಂತಿದ್ದವು. ತಮ್ಮ ಕ್ರಮದಂತೆ ಎಲ್ಲ ನೋಡಿದರು. ಬೆರಳಿನಿಂದ ಹಲಗೆ ತಟ್ಟಿ, ಇದು ಮರವಲ್ಲ, ಮರದ ಹೊಟ್ಟನ್ನು ಅಂಟಿಸಿ ಒತ್ತಿದ್ದು, ನೀರು ತಾಗಿದರೆ ಊದಿಕೊಳ್ಳುತ್ತದೆ ಅಂದರು. ಆಟಗಳನ್ನು ಒಂದೊಂದಾಗಿ ತೆಗೆದು ಬಸ್ ಟಿಕೆಟ್ಟಿನ ಹಿಂದೆ ಗೆರೆ ಹಾಕಿಕೊಂಡರು. “ಅದಿನೇಳೇ ಆಟ ಐತೆ. ಮಿಕ್ಕಿದ್ದೆಲ್ಲ ಅವೇ, ಅಂಗಿ ಬದ್ಲಾಯಿಸ್ಕಂಡವೆ” ಎಂದು ಅಂಗಡಿಯವನಿಗೆ ಕೇಳಿಸುವಂತೆ ಹೇಳಿದರು. ಹಿಂಬದಿ ಬಿಚ್ಚಿದಾಗ ಒಂದು ಕಡೆ ಕೈ ನಿಂತಿತು. ಗೋಡೆಯಿಂದ ಕರೆಂಟ್ ತರುವ ವೈರನ್ನು ಹಲಗೆಗೆ ಕ್ಲಿಪ್ ಹೊಡೆದು ಭದ್ರ ಮಾಡಿರಬೇಕಿತ್ತು. ಬರೀ ಕರೀ ಟೇಪ್ ಸುತ್ತಿ ಅಂಟಿಸಿದ್ದರು. ಎಳೆದು ನೋಡಿದರು, ಬರಲಿಲ್ಲ. ಟೀ ಕುಡಿದು ಬಂದು ಚಿತ್ರ ನೋಡಿದರು, ಕುಗ್ಗಿರಲಿಲ್ಲ. ಅಂಗಡಿಯವನು ಗಲ್ಲಾ ಮೇಲೆ ಮೊಣಕೈಯೂರಿ ಕಾಯುತ್ತಿದ್ದ.

“ತಗಬೋದು” ಅಂದರು.

ಫುಟ್‌ಪಾತಿಗೆ ಇಳಿದ ಮೇಲೆ ನನ್ನೊಬ್ಬಳಿಗೆ ಇನ್ನೊಂದು ಮಾತು ಹೇಳಿದರು. “ಆ ಟೇಪು ನಂಗೆ ಇಡಿಸ್ಲಿಲ್ಲ. ಮನೇಗ್ ಬಂದ್ಮೇಲೆ ಬತ್ತೀನಿ, ಒಂದ್ ಕ್ಲಿಪ್ ಒಡ್ದು ಕೊಡ್ತೀನಿ. ಅಲ್ಲೀಗಂಟ ಆನ್ ಮಾಡ್ಬ್ಯಾಡಿ.”

ಆ ಮಾತು ಗೊತ್ತಿದ್ದವಳು ನಾನೊಬ್ಬಳೇ. ಶುಕ್ರವಾರ ಹತ್ತು ಇಪ್ಪತ್ತಕ್ಕೆ ಅವರು ನನ್ನ ಮುಖ ನೋಡಿದ್ದು ಅದಕ್ಕೇ. ಅತ್ತೆಯ ಮಾತಿಗೆ ಅಡ್ಡ ಬರುವುದು ಬೇಡ ಅನ್ನಿಸಿತ್ತು ಎಂದು ಎಲ್ಲರಿಗೂ ಹೇಳಿದ್ದೇನೆ. ಅದು ಅರ್ಧ ನಿಜ. ಪೆಟ್ಟಿಗೆ ಆನ್ ಆಗುವುದನ್ನು ನೋಡುವ ಆಸೆಯನ್ನು ನನಗೂ ತಡೆಯಲಾಗುತ್ತಿರಲಿಲ್ಲ.

“ಅಂಗಾದ್ರೆ ನಾನು ಇಲ್ಲೇ ಕೂತಿರ್ತೀನಿ” ಎಂದು ಅವರು ಪೆಟ್ಟಿಗೆಯ ಹಿಂದೆ, ಗೋಡೆ ಮತ್ತು ಅದರ ನಡುವಿನ ಸಂದಿಯಲ್ಲಿ ಕುಕ್ಕರುಗಾಲಲ್ಲಿ ಕುಳಿತರು. ಗಂಡ ಸ್ವಿಚ್ ಹಾಕಿದರು. ಪರದೆ ಬೆಳಗಿ, ಹಾಡು ಬಂತು. ನಾನು ಚಪ್ಪಾಳೆ ತಟ್ಟಿದೆ. ಅತ್ತೆ ಆಗಷ್ಟೇ ಸ್ನಾನ ಮಾಡಿ ಬಂದಿದ್ದರು, ಬರಿಗಾಲು, ಕೆಳಗೆ ಒರೆಸಿ ಇನ್ನೂ ಆರದ ಕೆಂಪು ಗಾರೆ ನೆಲ. ಹೊಸ ಸ್ಕೂಟರಿಗೆ ಮಾಡುವ ಹಾಗೆಯೇ ಪೆಟ್ಟಿಗೆಗೆ ನೀರು ಪ್ರೋಕ್ಷಿಸಿ, ಒದ್ದೆ ಬೆರಳಲ್ಲಿ ಅರಿಶಿನ ಅದ್ದಿ, ಆ ಲೋಹದ ಪಟ್ಟಿಗೆ ಹಚ್ಚಿದರು.

ಅತ್ತೆ ಕೂಗಲಿಲ್ಲ. ಅದೇ ಭಯಂಕರ. ಅರಿಶಿನ ಹಚ್ಚಿದ ಕೈ ಹಾಗೇ ಮುಚ್ಚಿಕೊಂಡು ಪಟ್ಟಿಯನ್ನು ಹಿಡಿದುಕೊಂಡಿತು. ಬಳೆಗಳು ಮಾತ್ರ ಪಟ್ಟಿಗೆ ಬಡಿದು ಕಟಕಟ ಎನ್ನತೊಡಗಿದವು. ಏನೋ ಮಂತ್ರ ಹೇಳಿಕೊಳ್ಳುತ್ತಿದ್ದಾರೆ ಅಂದುಕೊಂಡೆ ನಾನು, ಭೌತಶಾಸ್ತ್ರ ಓದಿದವಳು. ಗಂಡನಿಗೆ ಅನುಮಾನ ಬಂದು ಕೈ ಚಾಚಿದರು. ಹಿಂದೆ ಕುಳಿತಿದ್ದವರಿಗೆ ಏನೂ ಕಾಣುತ್ತಿರಲಿಲ್ಲ, ಬಳೆಯ ಸದ್ದು ಕೇಳಿತ್ತು ಅಷ್ಟೆ. “ಮುಟ್ಬ್ಯಾಡಿ” ಎಂದು ಕಿರುಚಿ, ವೈರನ್ನು ಎರಡೂ ಕೈಯಲ್ಲಿ ಹಿಡಿದು ಮೈಯ ಭಾರವನ್ನೆಲ್ಲ ಹಾಕಿ ಎಳೆದರು. ಪ್ಲಗ್ಗಿನ ಜೊತೆ ಗೋಡೆಯ ಪ್ಲಗ್ ಪಾಯಿಂಟೂ ಕಿತ್ತು ಬಂತು. ಪರದೆ ಕಪ್ಪಾಯಿತು. ಅತ್ತೆ ಬಟ್ಟೆಯ ಮೂಟೆಯಂತೆ ಕುಸಿದರು. ತುಟಿ ನೀಲಿಯಾಗಿತ್ತು. ಉಸಿರಿತ್ತು.

ಎಷ್ಟು ಹೊತ್ತು ಹಿಡಿದಿತ್ತು ಎಂದು ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು. ಗಂಡ ಒಂದು ನಿಮಿಷ ಅಂದರು. ರಿಪೇರಿಯವರು ಬಳೆಯ ಸದ್ದನ್ನು ಲೆಕ್ಕ ಹಾಕಿದಂತೆ ಸ್ವಲ್ಪ ಯೋಚಿಸಿ, ನಾಲ್ಕು ಸೆಕೆಂಡ್ ಅಂದರು. ಅಂಗೈಯಲ್ಲಿ ಎರಡು ಕಡೆ ಸುಟ್ಟಿತ್ತು, ಹುಣಸೆಬೀಜದಷ್ಟು ಅಗಲ. ಹೃದಯದ ಬಡಿತ ತಪ್ಪುತ್ತಿದೆ, ಮೂರು ದಿನ ಇಲ್ಲೇ ಇರಲಿ, ಈಗಲೇ ಏನೂ ಹೇಳುವುದಕ್ಕಾಗುವುದಿಲ್ಲ ಅಂದರು ಡಾಕ್ಟರು. ಗಂಡ ತಾಯಿಯ ಪಕ್ಕ ಕುಳಿತರು. ಹೊರಗಿನ ವರಾಂಡದಲ್ಲಿ ಅವರು ಗೋಡೆಗೊರಗಿ ನಿಂತಿದ್ದರು. ಕಾಫಿ ತಂದುಕೊಟ್ಟೆ.

“ಆಟೋದಲ್ಲಿ ಮಲಗ್ಸಿ ತಂದವ್ರೆ” ಅಂದರು. “ಟೇಪ್ ಕಿತ್ಕಂಡು, ಟೀವಿ ಚೌಕಟ್ಟು ವೈರ್ ಮ್ಯಾಲೆ ಕೂತಿರ್ಬೇಕು. ಚೌಕಟ್ನಿಂದ ಪಟ್ಟೀಗೆ ಕರೆಂಟು.” ಆಮೇಲೆ, “ಇನ್ನೊಂದೈತೆ ಕಣವ್ವ” ಅಂದರು.

ನನಗೆ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಅಂಗಡಿಯಲ್ಲಿದ್ದದ್ದು ಎರಡು ಪೆಟ್ಟಿಗೆ.

ಅತ್ತೆಯನ್ನು ಬಿಟ್ಟು ಹೊರಡಬೇಕಾಯಿತು. ಗಂಡ ಹೋಗು ಅಂದರು. ಮಧ್ಯಾಹ್ನದ ಬಿಸಿಲಲ್ಲಿ ಅಂಗಡಿಗೆ ಹೋದರೆ ಗಾಜಿನ ಹಿಂದೆ ಆ ಜಾಗ ಖಾಲಿ. ಇವತ್ತು ಬೆಳಗ್ಗೆ ಹೋಯಿತು ಎಂದ ಅಂಗಡಿಯವನು, ಬಹಳ ಖುಷಿಯಲ್ಲಿದ್ದ. ಚನ್ನರಾಯಪಟ್ಟಣದ ಗಿರಾಕಿ, ಮೂರು ದಿನದಿಂದ ತೆಗೆದುಕೊಳ್ಳಲೋ ಬೇಡವೋ ಎಂದು ಸತಾಯಿಸುತ್ತಿದ್ದರಂತೆ. “ಕೊನೆಗೆ ನಿಮ್ಮ ಹೆಸರು ಹೇಳಿದೆ ನೋಡಿ. ಅವ್ರೇ ಬಂದು ಒಂದು ಗಂಟೆ ಕೂತು ಒಪ್ಪಿದ್ದಾರೆ ಅಂದೆ. ತಕ್ಷಣ ಎತ್ಕೊಂಡು ಹೋದ್ರು.”

ರಿಪೇರಿಯವರ ಮುಖ ಬಿಳಿಚಿಕೊಂಡಿತು. ನಡೆದದ್ದನ್ನು ನಾನು ಹೇಳಿದೆ. ಅಂಗಡಿಯವನು ನಿಮ್ಮ ಮನೆ ವೈರಿಂಗ್ ಸರಿಯಿಲ್ಲದಿದ್ದರೆ ನಾನೇನು ಮಾಡಲಿ ಅಂದ. ಆ ಮಾತಿನಲ್ಲೂ ನಿಜವಿತ್ತು. ಹಿಂದಿನ ವರ್ಷ ಹಿತ್ತಿಲಿಗೆ ಸಿಮೆಂಟ್ ಹಾಕಿಸಿದಾಗ ನೆಲಕ್ಕಿಳಿದಿದ್ದ ಅರ್ಥ್ ವೈರು ಕಡಿದುಹೋಗಿತ್ತು. ಅದಿದ್ದಿದ್ದರೆ ಕರೆಂಟ್ ನೆಲಕ್ಕಿಳಿದು ಫ್ಯೂಸ್ ಹೋಗುತ್ತಿತ್ತು, ಅತ್ತೆಯ ಮೈಯನ್ನು ಹುಡುಕಿಕೊಂಡು ಬರುತ್ತಿರಲಿಲ್ಲ. ಆದರೆ ಇದು ನಮಗೆ ಗೊತ್ತಾದದ್ದು ವಾರದ ನಂತರ.

“ನನ್ ಮಾತ ನಾನ್ ವಾಪಸ್ ತಗತೀನಿ. ಅವ್ರ ಮನೆ ಎಲ್ಲೈತೆ ಏಳು” ಅಂದರು.

“ಮಾತು ವಾಪಸ್ ತಗೊಳೋಕೆ ಬಿಲ್ ತಂದಿದೀರಾ ಯಜಮಾನ್ರೇ?” ಎಂದು ಅಂಗಡಿಯವನು ನಕ್ಕ. ಗಿರಾಕಿಯ ವಿಳಾಸ ಬರೆದುಕೊಂಡಿರಲಿಲ್ಲ, ಫೋನೂ ಇಲ್ಲ. ಸಾಗಿಸಿದ ಆಟೋದವನಿಗೆ ಗೊತ್ತಿರಬಹುದು ಎಂದಷ್ಟೇ ಹೇಳಿದ.

ಗೂಡ್ಸ್ ಆಟೋ ಸ್ಟ್ಯಾಂಡಿನಲ್ಲಿ ನಾವು ಎರಡು ಗಂಟೆ ಕಾದೆವು. ಕಾಯುವಾಗ ಅವರು ಕೂರಲೇ ಇಲ್ಲ. ಕಟ್ಟಾಯದ ಕಡೆಯ ಹುಡುಗ, ಆ ಆಟೋದವನು, ನಾಲ್ಕು ಗಂಟೆಗೆ ಬಂದ. “ಇಳಿಸ್ಬುಟ್ಟು ಬಂದೆ ಸಾ. ಕೆರೆ ಏರಿ ತಾವ, ಕಾಂಪೌಂಡಿಗೆ ನೀಲಿ ಗೇಟು. ಅವ್ರು ಒಳ್ಳೇ ಜನ, ಊಟ ಆಕುದ್ರು.” ಮಲಗಿಸಿ ಒಯ್ದೆಯಾ ಎಂದು ಕೇಳಿದರು. “ನಿಲ್ಸಿದ್ರೆ ಬೀಳಲ್ವಾ ಸಾ?” ಅಂದ. ಶುರು ಮಾಡಿದರಾ ಎಂದು ನಾನು ಕೇಳಿದೆ. “ಈಗ್ಲೇ ಇಲ್ವಂತೆ. ಶುಕ್ರವಾರ ಅಲ್ವಾ, ಸಂಜೆ ದೀಪ ಅಚ್ಚೋ ಒತ್ಗೆ ಪೂಜೆ ಮಾಡಿ ಶುರು ಮಾಡ್ತಾರಂತೆ.”

ಹಾಸನದಿಂದ ಚನ್ನರಾಯಪಟ್ಟಣಕ್ಕೆ ಬಸ್ಸಿನಲ್ಲಿ ಒಂದು ಗಂಟೆಗಿಂತ ಹೆಚ್ಚಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಉದ್ದದ ದಾರಿ ನಾನು ಕ್ರಮಿಸಿಲ್ಲ. ಬಸ್ಸು ಸಿಕ್ಕಸಿಕ್ಕಲ್ಲೆಲ್ಲ ನಿಂತಿತು. ಶಾಂತಿಗ್ರಾಮದಲ್ಲಿ ಒಬ್ಬಳು ಅಜ್ಜಿ ಚಿಲ್ಲರೆಗಾಗಿ ಕಂಡಕ್ಟರನ ಜೊತೆ ಜಗಳಕ್ಕೆ ನಿಂತಾಗ ನನಗೆ ಅಳು ಬಂತು. ಅವರು ಕಿಟಕಿಯಿಂದ ಸೂರ್ಯ ಎಷ್ಟು ಇಳಿದಿದ್ದಾನೆ ಎಂದು ನೋಡುತ್ತಿದ್ದರು. ಒಂದು ಸಲ ಮಾತ್ರ ಮಾತಾಡಿದರು. ಆ ಮನೆಯಲ್ಲಿ ಮಕ್ಕಳಿದ್ದಾರಾ ಎಂದು ಆಟೋದವನನ್ನು ಕೇಳಬೇಕಾಗಿತ್ತು ಅಂದರು. ಕೇಳದಿದ್ದದ್ದೇ ಒಳ್ಳೆಯದಾಯಿತು ಎಂದು ನಾನು ಮನಸ್ಸಿನಲ್ಲಿ ಅಂದುಕೊಂಡೆ.

ನೀಲಿ ಗೇಟು ಸಿಕ್ಕಿತು. ಬಾಗಿಲಿಗೆ ಬೀಗ. ಹೊಸಿಲಿಗೆ ಹೊಸ ರಂಗೋಲಿ. ಕಿಟಕಿಯ ಒಂದು ಬಾಗಿಲು ತೆರೆದಿತ್ತು. ಇಣುಕಿದೆ.

ಕತ್ತಲಾಗುತ್ತಿದ್ದ ಆ ಖಾಲಿ ಮನೆಯೊಳಗೆ ಪೆಟ್ಟಿಗೆ ಆನ್ ಆಗಿತ್ತು. ಯಾರೂ ಆಡದಿದ್ದಾಗ ಅದು ತಾನೇ ಆಡಿ ತೋರಿಸುತ್ತದೆ. ಇಬ್ಬರು ಜಟ್ಟಿಗಳು ಒಬ್ಬರನ್ನೊಬ್ಬರು ಹೊಡೆಯುತ್ತಿದ್ದರು, ಬೀಳುತ್ತಿದ್ದರು, ಮತ್ತೆ ಎದ್ದು ಹೊಡೆಯುತ್ತಿದ್ದರು. ಆ ಕೆಂಪು ನೀಲಿ ಬೆಳಕು ಲೋಹದ ಪಟ್ಟಿಯ ಮೇಲೆ ಬಿದ್ದು ಹೊಳೆಯುತ್ತಿತ್ತು. ಅದರ ಪಕ್ಕದ ಸ್ಟೂಲಿನ ಮೇಲೆ ಅರಿಶಿನ ಕುಂಕುಮದ ತಟ್ಟೆ, ನೀರಿನ ಚೊಂಬು, ಎಲ್ಲ ಸಿದ್ಧ. ಕಿಟಕಿಯ ಸರಳು ಹಿಡಿದು ಕೆಳಗೆ ಕುಳಿತೆ. ನೆಲದ ಮೇಲೆ ಯಾರಾದರೂ ಬಿದ್ದಿದ್ದಾರಾ ಎಂದು ನೋಡಲು ಧೈರ್ಯ ಬರಲಿಲ್ಲ. ಅವರೇ ಇಣುಕಿ, ಯಾರೂ ಇಲ್ಲ ಅಂದರು.

ಆ ಮನೆಯ ಮೀಟರ್ ಬೋರ್ಡು ಹೊರಗಿನ ಜಗಲಿಯ ಗೋಡೆಯ ಮೇಲಿತ್ತು. ಅವರು ಕೈ ಚಾಚಿ ಫ್ಯೂಸನ್ನು ಕಿತ್ತು ತಮ್ಮ ಅಂಗಿಯ ಕಿಸೆಗೆ ಹಾಕಿಕೊಂಡರು. ಒಳಗೆ ಜಟ್ಟಿಗಳು ಮಾಯವಾದರು. ಪಕ್ಕದ ಮನೆಯ ಹೆಂಗಸು ಹೊರಗೆ ಬಂದಳು.

“ಯಾರಯ್ಯ ನೀನು, ಮಂದಿ ಮನೆ ಮೀಟ್ರಿಗೆ ಕೈ ಆಕ್ತಿದೀಯಾ? ಕಳ್ಳತನಕ್ಕೆ ಎಂಗಸ್ರ ಬ್ಯಾರೆ ಕರ್ಕಂಬಂದಿದೀಯಾ?”

“ಕಳ್ಳ ಆಗಿದ್ರೆ ಓಡೋಯ್ತಿದ್ದೆ ಕಣವ್ವ. ಇಲ್ಲೇ ಕೂತಿರ್ತೀನಿ. ಅವ್ರು ಬರ್ಲಿ.”

ಹಾಗೆಯೇ ಆ ಕಿಸೆಯ ಮೇಲೆ ಕೈ ಇಟ್ಟುಕೊಂಡು ರಂಗೋಲಿಯ ಪಕ್ಕ ಕುಳಿತರು. ನಾಲ್ಕಾರು ಜನ ಸೇರಿದರು. ಯಾರೋ ಪೊಲೀಸಿಗೆ ಹೇಳಿ ಅಂದರು. ಫ್ಯೂಸ್ ಕೊಡು ಎಂದು ಒಬ್ಬ ಕೈ ಹಿಡಿದು ಎಳೆದ. ಅವರು ಕೊಡಲಿಲ್ಲ. ನಾನು ಟೀಚರ್, ಹೀಗೆ ಹೀಗಾಯಿತು ಎಂದು ಹೇಳಲು ಹೋದರೆ ಯಾರೂ ಕೇಳಿಸಿಕೊಳ್ಳಲಿಲ್ಲ.

ಮನೆಯವರು ದೇವಸ್ಥಾನದಿಂದ ಬಂದಾಗ ಬೀದಿದೀಪ ಹತ್ತಿತ್ತು. ಗಂಡ, ಹೆಂಡತಿ, ಹತ್ತು ವರ್ಷದ ಮಗಳು. ಆ ಯಜಮಾನ ಸಿಟ್ಟಿನಿಂದಲೇ ಕೇಳಿದ: “ಯಾರ್ರೀ ನೀವು?” ಅವರು ಎದ್ದು ನಿಂತು ತಮ್ಮ ಹೆಸರು ಹೇಳಿದರು.

“ಅಂಗಡಿಯೋರು ನಿಮ್ಮ ಹೆಸರೇ ಅಲ್ವಾ ಹೇಳಿದ್ದು? ನೀವೇ ನೋಡಿ ಒಪ್ಪಿದ್ದು ಅಂದ್ರಲ್ಲ?”

“ಊಂ. ನಾನೇ ಏಳಿದ್ದು. ತಪ್ಪೇಳ್ಬುಟ್ಟೆ ಸ್ವಾಮಿ. ಅದ ಏಳೋಕ್ಕೇ ಬಂದಿವ್ನಿ.”

ಆತ ಏನೋ ಹೇಳಲು ಬಾಯಿ ತೆರೆದ. ಆ ಹುಡುಗಿ ಮಧ್ಯೆ ಬಂದು, “ನಾನು ಹೇಳ್ಲಿಲ್ವಾ ಅಪ್ಪಾ, ಮುಟ್ಟಿದ್ರೆ ಕೈ ಜುಮ್ ಅನ್ನುತ್ತೆ ಅಂತ” ಅಂದಳು. ಮಧ್ಯಾಹ್ನ ಚಿತ್ರ ಬರುತ್ತದೆಯೇ ಎಂದು ಒಂದು ಸಲ ಹಾಕಿ ನೋಡಿದ್ದರಂತೆ. ಹೊಸ ಮಷೀನು ಹಾಗೇ ಇರುತ್ತದೆ ಎಂದು ಅಪ್ಪ ಹೇಳಿದ್ದನಂತೆ. ಆರಿಸಲು ಮರೆತು ದೇವಸ್ಥಾನಕ್ಕೆ ಹೋಗಿದ್ದರು. ಆಗ ಅವಳು ಚಪ್ಪಲಿ ಹಾಕಿಕೊಂಡಿದ್ದಳು, ಕೈ ಒಣಗಿತ್ತು. ಪೂಜೆಗೆ ಹಾಗಿರುತ್ತಿರಲಿಲ್ಲ.

ಆಮೇಲೆ ಯಾರೂ ಜಗಳ ಮಾಡಲಿಲ್ಲ. ಟಾರ್ಚ್ ಹಿಡಿದು ಹಿಂಬದಿ ಬಿಚ್ಚಿದರು. ಟೇಪ್ ಕಿತ್ತು, ವೈರು ಚೌಕಟ್ಟಿನ ಕೆಳಗೆ ಸಿಕ್ಕಿಕೊಂಡಿತ್ತು. ಮೇಲಿನ ಸಿಪ್ಪೆ ಹರಿದು ಅಕ್ಕಿಕಾಳಿನಷ್ಟು ತಾಮ್ರ ಕಾಣುತ್ತಿತ್ತು. ಆ ತಾಯಿ ಮಗಳನ್ನು ಎಳೆದು ಸೊಂಟಕ್ಕೆ ಒತ್ತಿಕೊಂಡಳು. ಅವರು ವೈರ್ ಬದಲಿಸಿ, ನಾಲ್ಕು ಕ್ಲಿಪ್ ಹೊಡೆದು, ಸಡಿಲವಾಗಿದ್ದ ಆ ಮನೆಯ ಅರ್ಥ್ ವೈರನ್ನು ಬಿಗಿ ಮಾಡಿ, ಮೀಟರ್ ಬೋರ್ಡಿನಲ್ಲೇ ಬಲ್ಬಿಟ್ಟು ನೋಡಿ, ಆಮೇಲಷ್ಟೇ ಕಿಸೆಯ ಫ್ಯೂಸನ್ನು ಹೊರಗೆ ತೆಗೆದರು. ಆ ಮನೆಯವರು ಪೆಟ್ಟಿಗೆಯನ್ನು ಇಟ್ಟುಕೊಂಡರು. ಎಷ್ಟೋ ವರ್ಷ, ಎರಡು ಮೂರು ತಿಂಗಳಿಗೊಮ್ಮೆ ಇವರು ತಾವಾಗಿಯೇ ಬಸ್ ಹತ್ತಿ ಚನ್ನರಾಯಪಟ್ಟಣಕ್ಕೆ ಹೋಗಿ ಅದರ ಬೆನ್ನು ಬಿಚ್ಚಿ ನೋಡಿ ಬರುತ್ತಿದ್ದರು ಎಂದು ಆಮೇಲೆ ಕೇಳಿದೆ.

ಅತ್ತೆ ನಾಲ್ಕನೆಯ ದಿನ ಮನೆಗೆ ಬಂದರು. ಹೃದಯ ಸರಿಹೋಯಿತು ಅಂದರು ಡಾಕ್ಟರು. ಕೈಗೆ ಪಟ್ಟಿ ಕಟ್ಟಿಕೊಂಡು, ನೋಡಲು ಬಂದವರಿಗೆಲ್ಲ, “ನಮ್ಮ ಯಜಮಾನ್ರು ಬಿಟ್ರೆ ನನ್ನ ಕೈಯನ್ನ ಅಷ್ಟು ಗಟ್ಟಿಯಾಗಿ ಹಿಡ್ಕೊಂಡಿದ್ದು ಅದೊಂದೇ” ಎಂದು ಹೇಳಿ ನಗಿಸುತ್ತಿದ್ದರು. ಆದರೆ ನಡುಮನೆಗೆ ಒಬ್ಬರೇ ಬರುತ್ತಿರಲಿಲ್ಲ. ಸ್ವಿಚ್ ಹಾಕಬೇಕಾದರೆ ಮಗನನ್ನು ಕರೆಯುತ್ತಿದ್ದರು. ನನ್ನ ಸ್ಥಿತಿ ಅದಕ್ಕಿಂತ ಕೆಟ್ಟದಾಗಿತ್ತು. ಮಲಗಿದರೆ ಬಳೆಯ ಸದ್ದು. ಕೈಬಳೆ ತೆಗೆದಿಟ್ಟೆ, ಆದರೂ ಕೇಳುತ್ತಿತ್ತು. ಒಂದೊಂದು ಗಂಟೆಗೂ ಎದ್ದು ಅತ್ತೆಯ ಕೋಣೆಯ ಬಾಗಿಲಲ್ಲಿ ನಿಂತು ಉಸಿರು ಕೇಳಿಸಿಕೊಳ್ಳುತ್ತಿದ್ದೆ. ಶಾಲೆಯಲ್ಲಿ ವಿದ್ಯುತ್ತಿನ ಪಾಠ ಬಂದಾಗ ರಜೆ ಹಾಕಿದೆ.

ಪೆಟ್ಟಿಗೆ ಹಳೆ ಬೆಡ್‌ಶೀಟ್ ಹೊದ್ದು ಮೂಲೆಯಲ್ಲೇ ನಿಂತಿತ್ತು. ಅಂಗಡಿಯವನು ವಾಪಸ್ ತೆಗೆದುಕೊಳ್ಳುವುದಿಲ್ಲ ಅಂದಿದ್ದ. ಗಂಡನ ಆಫೀಸಿನವರೊಬ್ಬರು, ವೈರೊಂದು ಬದಲಾಯಿಸಿದರೆ ಆಯಿತಲ್ಲ, ನಮಗೆ ಕೊಡಿ ಅಂದರು. ಗಂಡ ಒಪ್ಪುವುದರಲ್ಲಿದ್ದರು. ಅತ್ತೆ ಕೇಳಿಸಿಕೊಂಡು ಹೊರಗೆ ಬಂದು, “ಕೊಟ್ರೆ ಅದು ಇನ್ನೊಬ್ಬರ ಮನೆಗೆ ಹೋಗುತ್ತೆ. ಆ ರಿಪೇರಿಯವರನ್ನ ಕರೀರಿ, ಅವ್ರು ಹೇಳ್ಲಿ” ಅಂದರು.

ಅವರು ಬಂದರು. ಒಂದು ತಿಂಗಳಲ್ಲಿ ಹತ್ತು ವರ್ಷ ಹೆಚ್ಚಾದಂತೆ ಕಾಣುತ್ತಿದ್ದರು. ಅವರೂ ನಿದ್ದೆ ಮಾಡಿಲ್ಲ ಎಂದು ಕಣ್ಣು ಹೇಳುತ್ತಿತ್ತು. ಅತ್ತೆ ಹಾಕಿದ ಕುರ್ಚಿಯಲ್ಲಿ ಕೂರದೆ ಬಾಗಿಲಲ್ಲೇ ನಿಂತರು.

“ಈಗ ಹೇಳಿ ಯಜಮಾನ್ರೇ” ಅಂದೆ. “ಇದನ್ನ ತಗೋಬಹುದಿತ್ತಾ?”

ಅವರು ಬೆಡ್‌ಶೀಟನ್ನು ನೋಡುತ್ತ ನಿಂತರು. ಅವರು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆಯೂ ಕೇಳಿಲ್ಲ, ಆಮೇಲೂ ಇಲ್ಲ.

“ಆಟಕ್ಕಾದ್ರೆ ತಗಬೋದಿತ್ತು. ಗುಂಡಿ ಚೆಂದಾಗವೆ, ಆಂಡ್ಲು ಚೆಂದಾಗೈತೆ, ಚಿತ್ರ ಕುಗ್ಗಲ್ಲ. ಮರ ಮರ ಅಲ್ಲ, ನೂರೊಂದು ಅನ್ನೋದು ಸುಳ್ಳು. ಇಷ್ಟೂವೆ ನೋಡ್ದೆ ನಾನು. ಆದ್ರೆ ಅಂಗ್ಡೀಲಿ ಅದು ನಿಂತಿತ್ತು ಕಣವ್ವ. ನಿಂತಿರೋದ ನೋಡಿ ಏಳ್ಬುಟ್ಟೆ. ಅದು ಆಟೋದಲ್ಲಿ ಮಲಗ್ತದೆ, ಗುಂಡಿ ಬಿದ್ದಿರೋ ರೋಡಲ್ಲಿ ಕುಣೀತದೆ, ಅರ್ಥ್ ಇಲ್ದಿರೋ ಮನೇಗ್ ಓಯ್ತದೆ, ಅಲ್ಲಿ ತಾಯಂದ್ರು ಒದ್ದೆ ಕೈಲಿ ಅರಿಶಿನ ಅಚ್ತಾರೆ. ಅದ್ಯಾವ್ದೂ ನೋಡ್ಲಿಲ್ಲ. ನಮ್ಮೂರ್ಗಳ ಮನೇಗೆ ತಗಬಾರ್ದಿತ್ತು. ಇದ್ನ ಯಾರ್ಗೂ ಕೊಡ್ಬ್ಯಾಡಿ.”

“ಮತ್ತೆ ಏನು ಮಾಡೋದು?” ಎಂದರು ಅತ್ತೆ.

ಅವರು ಕಿಸೆಯಿಂದ ಸ್ಕ್ರೂಡ್ರೈವರ್ ತೆಗೆದರು. ಅವತ್ತು ಸೋಮವಾರ, ನಾನು ಶಾಲೆಗೆ ಹೋಗಲಿಲ್ಲ. ಮಧ್ಯಾಹ್ನವಿಡೀ ಜಗಲಿಯಲ್ಲಿ ಕುಳಿತು ಅವರು ಬಿಚ್ಚಿದರು, ನಾನು ಸ್ಕ್ರೂಗಳನ್ನು ಹಿಡಿದುಕೊಂಡೆ. ಟೀವಿಯನ್ನು ಬೇರೆ ಮಾಡಿದರು, ಗುಂಡಿಗಳನ್ನು ಬೇರೆ ಮಾಡಿದರು, ಆ ಲೋಹದ ಪಟ್ಟಿಯನ್ನು ಮೊಣಕಾಲಿಗೆ ಒತ್ತಿ ಎರಡಾಗಿ ಬಗ್ಗಿಸಿದರು. ಸುಟ್ಟ ವೈರನ್ನು ಯಾರೂ ಮತ್ತೆ ಜೋಡಿಸದಂತೆ ಗೇಣುಗೇಣಿಗೆ ಕತ್ತರಿಸಿದರು. ಹಲಗೆಗಳನ್ನು ಹಂಡೆ ಒಲೆಗೆ ಹಾಕೋಣವೇ ಎಂದು ಗಂಡ ಕೇಳಿದಾಗ, ಅಂಟಿನ ಹೊಗೆ ಕೆಟ್ಟದ್ದು, ಹಿತ್ತಿಲಲ್ಲಿ ಮಳೆಗೆ ಬಿಡಿ, ತಾನೇ ಊದಿ ಪುಡಿಯಾಗುತ್ತದೆ ಅಂದರು. ಕೊನೆಗೆ ಅತ್ತೆ ಎಲೆ ಹಾಕಿ ಕರೆದರು. ಗಾಯದ ಪಟ್ಟಿ ಬಿಚ್ಚಿದ ಕೈಯಲ್ಲಿ ತಾವೇ ಬಡಿಸಿದರು. ಅವರು ತಲೆ ಎತ್ತದೆ ಉಂಡರು. ಎರಡನೆಯ ಸಲ ಅನ್ನ ಹಾಕಿಸಿಕೊಂಡರು.

ಐದು ಗಂಟೆಯ ಬಸ್ಸಿಗೆ ಅವರನ್ನು ಹತ್ತಿಸಿ ಬಂದೆ. ನಡುಮನೆಯ ಮೂಲೆಯಲ್ಲಿ ಪೆಟ್ಟಿಗೆ ನಿಂತಿದ್ದ ಜಾಗದ ನೆಲ ಮಾತ್ರ ಉಳಿದದ್ದಕ್ಕಿಂತ ಹೆಚ್ಚು ಕೆಂಪಗಿತ್ತು. ಅತ್ತೆ ಆಗಲೇ ಅಲ್ಲಿ ಚಾಪೆ ಹಾಸಿಕೊಂಡು ಕಾಲು ಚಾಚಿ ಕುಳಿತು ಅವರೆಕಾಳು ಸುಲಿಯುತ್ತಿದ್ದರು, ಒಬ್ಬರೇ.

ಮಾರನೆಯ ದಿನ ಮಂಗಳವಾರ. ಕಣ್ಣು ಬಿಟ್ಟಾಗ ಬಿಸಿಲು ಹಾಸಿಗೆಯ ಮೇಲಿತ್ತು. ಹಾಲಿನವಳು ಬಂದು ಹೋಗಿದ್ದಳು, ಶಾಲೆಯ ಮೊದಲ ಗಂಟೆ ಮುಗಿದಿತ್ತು, ನನ್ನನ್ನು ಎಬ್ಬಿಸಬೇಡ ಎಂದು ಅತ್ತೆ ಮಗನಿಗೆ ಹೇಳಿದ್ದರಂತೆ. ರಾತ್ರಿ ಒಂದು ಸಲವೂ ನಾನು ಎದ್ದಿರಲಿಲ್ಲ.